ಮೇಲೇರದ ಗಾಜು

ಗಿಡ ಮಾರುವವನ ಹಳೇ ಪಿಕಪ್ಪಿಗೆ ಇದ್ದದ್ದು ಒಂದೇ ಕಾಯಿಲೆ. ಹೆಂಡತಿ ಕೂರುವ ಕಡೆಯ ಗಾಜು ಇಳಿದದ್ದು ಮೇಲೇರುತ್ತಿರಲಿಲ್ಲ. ಅವಳು ದಿನವೂ ಧೂಳು ಕುಡಿದು, ದಿನವೂ ಗೊಣಗುತ್ತಿದ್ದಳು.

ಹೆತ್ತವರಿಗೇ ಮಗುವಿನ ರೋಗ ಗೊತ್ತಿರುತ್ತದೆಂದು ನಂಬಿ ಅವನು ಗಾಡಿಯನ್ನು ಕಂಪನಿಯ ಶೋರೂಮಿಗೇ ಒಯ್ದ. ಮೊದಲ ಸಲ ಅವರು ಫಳಫಳ ತೊಳೆದು ಕೊಟ್ಟರು. ಮತ್ತೊಮ್ಮೆ ಹೋದಾಗ ವೈಪರ್ ಬದಲಾಯಿಸಿದರು. ಗಾಜಿನ ಮಾತೆತ್ತಿದರೆ ಟೈ ಕಟ್ಟಿದ ಸೂಪರ್‌ವೈಸರ್, "ಹಳೇ ಮಾಡೆಲ್ ಸರ್, ಪಾರ್ಟ್ ಬರಲ್ಲ," ಎಂದು ತಣ್ಣಗೆ ನಗುತ್ತಿದ್ದ.

ಗಿಡದವನಿಗೋ ಮೂಗಿನ ತುದಿಯಲ್ಲೇ ಕೋಪ. ಮುಂದಿನ ಸಲ ಮೇಜು ಗುದ್ದಿ ಕೂಗಾಡಿದ. ಅವನ ಬಾಯಿ ಮುಚ್ಚಿಸಲು ಅವರು ಗಾಡಿಯ ಬಾಯಿ ಮುಚ್ಚಿಸಿದರು. ಪುಕ್ಕಟೆಯಾಗಿ ಹೊಸ ಸೈಲೆನ್ಸರ್ ಹಾಕಿ ಕಳಿಸಿದರು!

ಮರುದಿನ ಗಾಡಿ ಬೆಕ್ಕಿನಂತೆ ಸದ್ದಿಲ್ಲದೆ ಬೀದಿ ಸುತ್ತಿತು. ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಇಷ್ಟು ದಿನ ಜನ ಬಾಗಿಲು ತೆಗೆಯುತ್ತಿದ್ದದ್ದು ಹಳೇ ಸೈಲೆನ್ಸರಿನ ಡಬಡಬ ಕೇಳಿ ಎಂಬುದು ಅವನಿಗೆ ಹೊಳೆದದ್ದೇ ಆಗ.

"ನಡಿ, ಹಳೇದನ್ನೇ ವಾಪಸ್ ಹಾಕಿಸೋಣ," ಎಂದು ಅವನು ಗಾಡಿ ತಿರುಗಿಸಹೊರಟ.

"ಮತ್ತೆ ಅಲ್ಲಿಗಾ? ಈ ಸಲ ಸ್ಟೀರಿಂಗ್ ಕಿತ್ಕೊಂಡು ಕಳಿಸ್ತಾರೆ, ಸುಮ್ನಿರ್ರೀ," ಎಂದ ಹೆಂಡತಿ, ಗಿಡಕ್ಕೆ ನೀರು ಹಾಕುವ ತಗಡಿನ ಡಬ್ಬ ಹಿಡಿದು, ಗಾಜು ಮೇಲೇರದ ಕಿಟಕಿಯಿಂದ ಕೈ ಹೊರಚಾಚಿ ಗಾಡಿಯ ಬಾಗಿಲಿಗೆ ಡಬಡಬ ಬಡಿದಳು. ಬೀದಿಯುದ್ದಕ್ಕೂ ಮನೆಗಳ ಬಾಗಿಲು ತೆರೆದುಕೊಂಡವು.

"ಇನ್ಮೇಲೆ ಯಾರಾದ್ರೂ ಈ ಗಾಜು ರಿಪೇರಿ ಮಾಡ್ಸಿದ್ರೆ ನೋಡಿ," ಎಂದು ಅವಳು ಡಬ್ಬವನ್ನು ಗಂಡನ ಕಡೆಗೂ ಒಮ್ಮೆ ಎತ್ತಿ ತೋರಿಸಿದಳು.