ಅಳಿಸಬಾರದ ಲಗ್ನಪತ್ರಿಕೆ

ಆಗೆಲ್ಲ ನಮ್ಮ ಕಡೆ ಕಂಪ್ಯೂಟರ್ ಇದ್ದ ಮನೆಗೆ ಬಾಗಿಲು ಇದ್ದೂ ಇಲ್ಲದ ಹಾಗೆ. ಬಿಳಿಕೆರೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂಥದ್ದೊಂದು ಇದ್ದದ್ದು ನಮ್ಮ ಮನೆಯ ನಡುಮನೆಯಲ್ಲಿ ಮಾತ್ರ. ಹೊಗೆಸೊಪ್ಪಿನ ಕಾಲ ಬಂತೆಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಲು ಊರವರು ಮುಯ್ಯಿ ಬರುತ್ತಿದ್ದರು. ಇವತ್ತು ಅವರು ನಮ್ಮಲ್ಲಿಗೆ, ನಾಳೆ ನಾವು ಅವರಲ್ಲಿಗೆ. ಬಂದವರು ಕಾಫಿ ಕುಡಿಯುವ ನೆಪದಲ್ಲಿ ಒಳಗೆ ನುಗ್ಗಿ, ಸೊಪ್ಪಿನ ಅಂಟು ಹತ್ತಿ ಕಪ್ಪಾದ ಬೆರಳಲ್ಲೇ ಒಂದೆರಡು ಗುಂಡಿ ಒತ್ತಿ ನೋಡಿ ಹೋಗುತ್ತಿದ್ದರು. ಆ ಅಂಟು ಸೀಗೆಪುಡಿ ಹಾಕಿ ಉಜ್ಜಿದರೂ ಬಿಡದು. ಯಾವ ಗುಂಡಿಯ ಮೇಲೆ ಯಾವ ಅಕ್ಷರವಿತ್ತು ಎಂಬುದು ನನಗೆ ಬಾಯಿಪಾಠವಾಗಿದ್ದೇ ಅಕ್ಷರಗಳನ್ನು ಮುಚ್ಚಿದ ಆ ಕೊಳೆಯಿಂದ.

ಕಂಪ್ಯೂಟರ್ ಅಕ್ಕನದು. ಅಕ್ಕ ಸವಿತ ಹುಣಸೂರಿನ ಕಾಲೇಜಿನಲ್ಲಿ ಬಿ.ಸಿ.ಎ. ಕೊನೆಯ ವರ್ಷ ಓದುತ್ತಿದ್ದಳು, ತಂಗಿ ನಾನು ಒಂಬತ್ತನೇ ಕ್ಲಾಸು. ಹಿಂದಿನ ವರ್ಷ ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದ ಖುಷಿಗೆ ಅಪ್ಪ ಮೈಸೂರಿನಿಂದ ಯಾರೋ ಬಳಸಿ ಬಿಟ್ಟದ್ದನ್ನು ತಂದುಕೊಟ್ಟಿದ್ದ. ತಂದ ದಿನವೇ ಒಂದು ಮಾತನ್ನೂ ಹೇಳಿಬಿಟ್ಟಿದ್ದ: ಇದೇ ಕೊನೆ ವರ್ಷ, ಪಾಸಾದರೆ ಸರಿ, ಇಲ್ಲದಿದ್ದರೆ ಬಂದ ಸಂಬಂಧಕ್ಕೆ ಹೂಂ ಅನ್ನಬೇಕು. ಹುಣಸೂರಿನ ಒಂದು ಸ್ಕೂಲಿನವರು, ಡಿಗ್ರಿ ಮುಗಿಸಿಕೊಂಡು ಬಂದರೆ ಕಂಪ್ಯೂಟರ್ ಟೀಚರ್ ಮಾಡಿಕೊಳ್ಳುತ್ತೇವೆ ಎಂದು ಅಕ್ಕನಿಗೆ ಹೇಳಿದ್ದರು. ಅದಕ್ಕೆ ದೀಪಾವಳಿಯೊಳಗೆ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಲೈಬ್ರರಿಯಲ್ಲಿ ಪುಸ್ತಕ ಕೊಡುವ, ವಾಪಸ್ ತಗೊಳ್ಳುವ ಪ್ರೋಗ್ರಾಂ. ಅಕ್ಕ ಅದನ್ನು ಜೂನಿನಿಂದ ಬರೆಯುತ್ತಿದ್ದಳು.

ಬರೆಯಲು ಬಿಟ್ಟರೆ ತಾನೆ? ಕಂಪ್ಯೂಟರಿಗೆ ಒಂದು ಆಂಟಿವೈರಸ್ ಹಾಕಿದ್ದೆವು. ಅದರ ಗಡುವು ಮುಗಿದು, ಕೆಳಗಿನ ಮೂಲೆಯಲ್ಲಿ ಒಂದು ಕೆಂಪು ಗುರಾಣಿ ಕೂತು ಗಳಿಗೆಗೊಮ್ಮೆ ನೆನಪಿಸುತ್ತಿತ್ತು. ಯಾರೋ ಹೇಳಿದರೆಂದು ಕಂಪ್ಯೂಟರಿನ ತಾರೀಕನ್ನೇ ಹಿಂದಕ್ಕೆ ತಿರುಗಿಸಿದೆವು. ಹೊರಗೆ ಆಯುಧಪೂಜೆ, ಒಳಗೆ ಇನ್ನೂ ಯುಗಾದಿ. ಗುರಾಣಿ ಸುಮ್ಮನಾಯಿತು, ಆದರೆ ಹೊಸ ವೈರಸ್ ಒಂದರ ಗುರುತೂ ಅದಕ್ಕೆ ಸಿಗದಾಯಿತು. ಹುಣಸೂರಿನ ಕಂಪ್ಯೂಟರ್ ಅಂಗಡಿಯವನು ಇನ್ನೊಂದು ಆಂಟಿವೈರಸ್ ಸಿ.ಡಿ. ಕೊಟ್ಟ. ಅದನ್ನೂ ಹಾಕಿದ ಮೇಲೆ ಎರಡೂ ಒಂದನ್ನೊಂದು ಕಳ್ಳ ಎಂದು ಹಿಡಿಯತೊಡಗಿದವು. ಒಂದು ಮನೆಗೆ ಇಬ್ಬರು ಯಜಮಾನಿಯರು ಬಂದಂತಾಯಿತು. ಕಂಪ್ಯೂಟರ್ ಆನ್ ಮಾಡಿ, ಒಲೆಗೆ ಎಸರಿಟ್ಟು, ಮುದ್ದೆ ತಿರುವಿ ಬಂದರೂ ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತಲೇ ಇರುತ್ತಿತ್ತು. ನನಗೆ ಅದನ್ನು ಎತ್ತಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಹಾಕಿಬಿಡುವಷ್ಟು ಸಿಟ್ಟು.

ಅಂಗಡಿಯವನಿಗೆ ಫೋನ್ ಮಾಡಿದರೆ ಅವನದು ಒಂದೇ ಮಂತ್ರ, ಫಾರ್ಮ್ಯಾಟ್ ಹೊಡೆದುಬಿಡಿ. ಹಾಗೆ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ, ನನ್ನ ಪ್ರಾಜೆಕ್ಟ್ ಏನಾಗಬೇಕು ಎಂದು ಅಕ್ಕ ಕೇಳಿದರೆ, ಫ್ಲಾಪಿಗೆ ಹಾಕಿಕೊಳ್ಳಿ ಎನ್ನುತ್ತಿದ್ದ. ಹಾಕಿಟ್ಟಿದ್ದೆವು. ಆದರೆ ಬೇಯಿಸಿದ ಸೊಪ್ಪು ಪುಡಿಯಾಗಬಾರದೆಂದು ಅದಕ್ಕೆ ತೇವ ಕೊಟ್ಟು ಹದ ಮಾಡಿ ಪೇರಿಸುತ್ತಿದ್ದದ್ದೂ ಅದೇ ನಡುಮನೆಯಲ್ಲಿ. ಆ ಶೀತಕ್ಕೆ ಫ್ಲಾಪಿಯೊಳಗೆ ಬೂಷ್ಟು ಹಿಡಿದು ಕಂಪ್ಯೂಟರ್ ಅದನ್ನು ಓದುವುದಿಲ್ಲ ಎಂದು ಹಟ ಮಾಡಿತು.

ಕೊನೆಗೆ ಒಂದು ಭಾನುವಾರ ನಾವಿಬ್ಬರೇ ಕೂತೆವು. ಸೇಫ್ ಮೋಡಿನಲ್ಲಿ ತೆರೆದು, ಹಳೆಯ ಆಂಟಿವೈರಸ್ಸನ್ನು ಬುಡಸಮೇತ ಕಿತ್ತು, ತಾರೀಕು ಸರಿಮಾಡಿ, ಹೊಸದರಿಂದ ಇಡೀ ಕಂಪ್ಯೂಟರನ್ನು ತಪಾಸಣೆ ಮಾಡಿಸಿದೆವು. ನಡುವೆ ಕರೆಂಟು ಹೋಯಿತು, ಮತ್ತೆ ಮೊದಲಿಂದ. ಮತ್ತೆ ಹೋಯಿತು, ಮತ್ತೆ ಮೊದಲಿಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಇನ್ನು ವೈರಸ್ ಇಲ್ಲ ಎಂಬ ಹಸಿರು ಬಣ್ಣ ಬಂತು. ಅಕ್ಕ ನನ್ನ ಕೆನ್ನೆ ಹಿಂಡಿ, ಇನ್ನು ಮೇಲೆ ದೇವರೇ ತಂದರೂ ಹೊರಗಿನ ಫ್ಲಾಪಿ ಇದಕ್ಕೆ ಹೋಗಕೂಡದು ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದಳು. ಪ್ರಾಜೆಕ್ಟಿನಲ್ಲಿ ಉಳಿದದ್ದು ಒಂದು ವಾರದ ಕೆಲಸ.

ಆ ವಾರವೇ ಮಾವ ಬಂದರು. ಎಚ್.ಡಿ. ಕೋಟೆಯ ಕಡೆಯ ಅಂತರಸಂತೆಯಿಂದ, ಅವ್ವನ ಸ್ವಂತ ಅಣ್ಣ. ಮಗಳು ಲತಳಿಗೆ ಮದುವೆ ಗೊತ್ತಾಗಿತ್ತು. ಅವ್ವನ ತವರಿನಲ್ಲಿ ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಮನೆಯ ಹೆಣ್ಣುಮಗಳಿಗೆ ಓದಿ ಹೇಳಿ ಒಪ್ಪಿಗೆ ಪಡೆಯುವ ಪದ್ಧತಿ. ಮಾವ ಕೋಟೆಯಲ್ಲಿ ಟೈಪು ಮಾಡಿಸಿ, ನಮ್ಮಲ್ಲಿ ಕಂಪ್ಯೂಟರ್ ಇದೆಯೆಂಬ ಹೆಮ್ಮೆಗೆ ಅದನ್ನು ಫ್ಲಾಪಿಯಲ್ಲೇ ತಂದಿದ್ದರು. ಅವ್ವ ಫ್ಲಾಪಿಯನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆ ಜೊತೆಗೆ ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಅಕ್ಕನ ಕೈಗೆ ಕೊಟ್ಟಳು. ಅಕ್ಕ ನನ್ನ ಮುಖ ನೋಡಿದಳು. ತವರಿನಿಂದ ಬಂದ ಶುಭದ ವಸ್ತುವನ್ನು ಒಲ್ಲೆ ಅನ್ನುವ ಬಾಯಿ ಯಾರಿಗಿದೆ? ಮೊದಲು ತಪಾಸಣೆಯಾದರೂ ಮಾಡೋಣವೆಂದು ಕುಂಕುಮ ಒರೆಸಿ ಒಳಗೆ ಹಾಕಿದಳು.

ಹಾಕಿದ್ದೇ ತಡ, ಪರದೆ ತುಂಬ ಕೆಂಪು. ಕಡತದಲ್ಲಿ ವೈರಸ್ ಇದೆ, ಶುದ್ಧ ಮಾಡಲು ಆಗದು, ಅಳಿಸಲೋ ಹಾಗೇ ಬಿಡಲೋ ಎಂದು ಕೇಳಿತು.

"ಅದ್ಯಾಕ್ ಕಣಮ್ಮಿ ಅಂಗ್ ಕೆಂಪ್ಗಾಯ್ತು?" ಎಂದರು ಮಾವ.

"ಇದ್ರಲ್ಲಿ ವೈರಸ್ ಅದೆ ಮಾವ. ಅಳಿಸ್ಬೇಕು. ಇನ್ನೊಂದ್ಸಲ ಟೈಪ್ ಮಾಡುಸ್ಕಂಡ್ ಬನ್ನಿ."

ಮಾವ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು. ಮಾತಾಡಿದವಳು ಅವ್ವ. ಮದುವೆ ಕಾಗದ ಹರಿಯಬಾರದು, ಸುಡಬಾರದು, ತುಳಿಯಬಾರದು ಎಂದು ನಂಬಿದ ಹೆಂಗಸು ಅವಳು. ಹಿಂದಿನ ವರ್ಷಗಳ ಪತ್ರಿಕೆಗಳನ್ನೆಲ್ಲ ದೇವರಗೂಡಿನ ಮೇಲೆ ಪೇರಿಸಿಟ್ಟಿದ್ದಳು.

"ಲಗ್ನಪತ್ರ ಅಳುಸ್ತಾರಾ ಸವಿತ? ಅದರಲ್ಲಿ ಆ ಮಗಳ ಎಸ್ರು ಅದೆ. ತವ್ರಿಗೆ ಕೇಡ್ ಬಯ್ಸಿದ್ಳು ಅನ್ನುಸ್ಬೇಡ ಕಣವ್ವ ನನ್ನ."

ಕಡತವನ್ನು ಅಳಿಸಿದರೆ ಮದುವೆಗೆ ಏನೂ ಆಗುವುದಿಲ್ಲ ಎಂದು ನಾನು ಕೂಗಾಡಿದೆ. ಚಿಕ್ಕವಳು ಬಾಯಿ ಮುಚ್ಚು ಎಂದ ಅಪ್ಪ. ಅಕ್ಕ, ಹಾಗೇ ಬಿಡು ಎನ್ನುವುದನ್ನು ಒತ್ತಿದಳು.

ಪತ್ರಿಕೆ ತೆರೆದುಕೊಂಡಿತು. ಅಕ್ಕನೇ ಜೋರಾಗಿ ಓದಿದಳು. ಸೋದರತ್ತೆ ಎಂದು ತನ್ನ ಹೆಸರು ಬಂದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನ ಮುಖ ಅರಳಿತು. ಅಂದು ನಮ್ಮ ಮನೆಯಲ್ಲಿ ನಾಟಿಕೋಳಿ ಸಾರು.

ಎರಡು ದಿನ ಕಳೆದ ಮೇಲೆ ಅಕ್ಕ ಕಂಪ್ಯೂಟರ್ ತೆರೆದರೆ ಕಡತಗಳ ಹೆಸರು ಹಾಗೇ ಇದ್ದವು, ಒಳಗೆ ಬರೆದದ್ದು ಏನೂ ಇರಲಿಲ್ಲ. ಕೆಲವುಗಳಲ್ಲಿ ಓದಲಾಗದ ಚಿಹ್ನೆಗಳು, ಕೆಲವುಗಳಲ್ಲಿ ಬರಿಯ ಬಿಳಿ. ಪ್ರೋಗ್ರಾಂ, ಅದರ ವರದಿ, ಎಲ್ಲ. ನಾನು ಅತ್ತು ರಂಪ ಮಾಡಿದೆ. ಅಕ್ಕ ಕಂಪ್ಯೂಟರ್ ಆಫ್ ಮಾಡಿ, ಅವ್ವ ಕಸೂತಿ ಹಾಕಿದ ಹೊದಿಕೆಯನ್ನು ಅದರ ಮೇಲೆ ಹೊದಿಸಿ, ಸೊಪ್ಪು ಕಟ್ಟಲು ಹೊರಗೆ ಹೋದಳು. ಕಾಲೇಜಿನವರು ಮುಂದಿನ ವರ್ಷ ಒಪ್ಪಿಸು ಎಂದರು. ಅಪ್ಪನಿಗೆ ತಾನು ಹೇಳಿದ್ದ ಮಾತು ನೆನಪಿತ್ತು.

ಲತಳ ಮದುವೆ ಚೆನ್ನಾಗಿ ಆಯಿತು, ಈಗಲೂ ಸುಖವಾಗಿದ್ದಾಳೆ. ಅಕ್ಕನದು ಮುಂದಿನ ವೈಶಾಖದಲ್ಲಿ ಪಿರಿಯಾಪಟ್ಟಣದ ಕಡೆಗೆ ಆಯಿತು. ಲಗ್ನಪತ್ರಿಕೆಯಲ್ಲಿ ಭಾವನ ಹೆಸರಿನ ಪಕ್ಕ ಬಿ.ಕಾಂ. ಎಂದು ಅಚ್ಚಾಗಿತ್ತು. ಹುಡುಗಿಯ ಹೆಸರಿನ ಪಕ್ಕ ಏನು ಹಾಕಲಿ ಎಂದು ಪ್ರೆಸ್ಸಿನವನು ಕೇಳಿದ್ದಕ್ಕೆ ಅಪ್ಪ, ಏನೂ ಬೇಡ ಬುಡಿ ಎಂದನಂತೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಇಟ್ಟುಕೊಳ್ಳಲಿ? ಮಾವ ಪ್ರೀತಿಯಿಂದ ತಂದರು, ಅವ್ವ ಭಯದಿಂದ ತಡೆದಳು. ತಂಗಿಯ ಒಪ್ಪಿಗೆಗೆಂದು ಅಷ್ಟು ದೂರದಿಂದ ಬಸ್ಸು ಹತ್ತಿ ಬರುವ ಅಣ್ಣಂದಿರೂ ಈಗ ಇಲ್ಲ.

ಈಗ ಪತ್ರಿಕೆಗಳು ಫೋನಿಗೇ ಬರುತ್ತವೆ. ಮೊನ್ನೆ ಸಂಕ್ರಾಂತಿಗೆ ಎಲ್ಲರೂ ಊರಲ್ಲಿದ್ದೆವು. ಅಕ್ಕ, ಅವ್ವ, ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅವ್ವನ ಫೋನಿಗೆ ಯಾರದೋ ಲಗ್ನಪತ್ರಿಕೆ ಬಂತು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, ಜಾಗ ಇಲ್ಲ ಅಂತ ತೋರುಸ್ತದೆ ಎಂದು ಗೊಣಗುತ್ತ, ಹೆಬ್ಬೆರಳಿನಲ್ಲಿ ಅದನ್ನು ಅಳಿಸಿಹಾಕಿ ಫೋನ್ ಕೆಳಗಿಟ್ಟಳು. ಅಕ್ಕನ ಕೈ ನಿಂತಿತು.

"ಇಷ್ಟ್ ಸಲೀಸೇನವ್ವ ಅದು?" ಎಂದಳು.

ಅವ್ವನಿಗೆ ಅರ್ಥವಾಗಲಿಲ್ಲ. ಯಾವುದು, ಎಂದು ಕೇಳಿದಳು.