ಗಡಿಯಾರದಕ್ಕನ ಖಾಲಿ ಕಾರ್ಡು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಲಾಂಡ್ರಿಯ ನೆಲಮಾಳಿಗೆಯಲ್ಲಿ ಬಾಯ್ಲರ್ ಆಗಲೇ ಬುಸುಗುಡುತ್ತಿದೆ. ಹೋಟೆಲುಗಳಲ್ಲಿ ಜನ ಮಲಗೆದ್ದ ಹಾಸಿಗೆಯ ಶೀಟುಗಳೆಲ್ಲ ಒಗೆಸಿಕೊಳ್ಳಲು ಬರುವುದು ಇಲ್ಲಿಗೇ. ಆರು ಹೊಡೆದ ಮೇಲೆ ಬಿಸಿ ರೋಲರಿನಿಂದ ಇಸ್ತ್ರಿಯಾಗಿ ಜಾರಿದ ಶೀಟಿನ ಎರಡು ಮೂಲೆಗಳನ್ನು ಅಕ್ಕ ಹಿಡಿಯುತ್ತಾಳೆ. ಇನ್ನೆರಡು ಮೂಲೆ ಎದುರಿನವಳ ಕೈಯಲ್ಲಿ. ಇಬ್ಬರೂ ಎಳೆದು ಬಿಗಿ ಮಾಡುತ್ತಾರೆ, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸುತ್ತಾರೆ, ಹಿಂದೆ ಸರಿಯುತ್ತಾರೆ, ಮತ್ತೆ ಬರುತ್ತಾರೆ. ಒಂದು ಶೀಟಿಗೆ ಮೂರು ಭೇಟಿ. ದಿನಕ್ಕೆ ಏಳುನೂರು ಶೀಟು.

ಎದುರಿಗಿರುವವಳು ಹೊಸಬಳು, ಮಾತಿಲ್ಲ. ಮೊದಲು ಹೀಗಿರಲಿಲ್ಲ. ಇಲ್ಲಿ ಎದುರು ನಿಲ್ಲುವವಳನ್ನು ‘ಜೋಡಿ’ ಎನ್ನುತ್ತಾರೆ. ಅಕ್ಕನ ಜೋಡಿ ಹನ್ನೊಂದು ವರ್ಷ ಒಬ್ಬಳೇ. ಅವರಿಬ್ಬರ ಮಾತು ಕಂತಿನ ಮೇಲೆ ನಡೆಯುತ್ತಿತ್ತು. ಹತ್ತಿರ ಬಂದಾಗ ‘ನಿನ್ನೆ ನಮ್ಮತ್ತೆ ಏನಂದ್ರು ಗೊತ್ತಾ’ ಎಂದು ಶುರುವಾದದ್ದು, ಮೂರು ಶೀಟು ದಾಟಿದ ಮೇಲೆ ಮುಗಿಯುತ್ತಿತ್ತು. “ಗಂಡನ ಮುಖಕ್ಕಿಂತ ಅವಳ ಮುಖ ನೋಡಿದ್ದೇ ಜಾಸ್ತಿ. ಅದಕ್ಕೇ ಸಂಸಾರ ಉಳೀತು ಅಂತ ನಗ್ತಿದ್ವಿ,” ಎನ್ನುತ್ತಾಳೆ ಅಕ್ಕ. ಈಗ ನಗುವುದಿಲ್ಲ.

ಆಕೆಗೆ ಐವತ್ತೆರಡು. ಗಂಡ ಹೋಗಿ ಆರು ವರ್ಷ, ಮಗಳೊಂದಿಗೆ ಒಂದೇ ಕೋಣೆಯ ಮನೆ. ಲಾಂಡ್ರಿಯಲ್ಲಿ ಎಲ್ಲರಿಗೂ ಆಕೆ ಗಡಿಯಾರದಕ್ಕ. ಹೆಸರು ಬಂದದ್ದಕ್ಕೆ ಒಂದು ಕತೆಯಿದೆ.

ಇಲ್ಲಿ ಪಾಳಿ ಆರರಿಂದ ಎರಡರವರೆಗೆ. ಎರಡಕ್ಕೆ ಹಾಜರಿ ಕಾರ್ಡನ್ನು ಗಡಿಯಾರದ ಯಂತ್ರಕ್ಕೆ ಒತ್ತಿ, ಹೊರಹೋದ ಹೊತ್ತಿನ ಗುರುತು ಬೀಳಿಸಿ, ವಾಪಸು ಬಂದು, ಸಂಜೆ ಆರರವರೆಗೆ ಮಡಿಸಬೇಕೆಂಬುದು ಸೂಪರ್‌ವೈಸರ್ ಬಾಯಿಮಾತಿನಲ್ಲಿ ಹೇಳಿದ ಕಟ್ಟಳೆ. ಕಾರ್ಡಿನ ಗಡಿಯಾರವಿರುವುದು ಮೇಲೆ, ಗೇಟಿನ ಬಳಿ. ನಲವತ್ತೆರಡು ಮೆಟ್ಟಿಲು. ಜೋಡಿಗೆ ಮಂಡಿನೋವು. “ನೀನ್ಯಾಕೆ ಹತ್ತೋಕೆ ಹೋಗ್ತೀಯಾ, ಕೊಡು ಇಲ್ಲಿ” ಎಂದು ಅಕ್ಕ ಅವಳ ಕಾರ್ಡನ್ನೂ ಒಯ್ದಳು. ಮರುವಾರ ಇನ್ನಿಬ್ಬರು ಕೊಟ್ಟರು. ವರ್ಷ ತುಂಬುವುದರೊಳಗೆ ತನ್ನದೂ ಸೇರಿ ಇಪ್ಪತ್ತೆರಡು ಹೆಂಗಸರ ಕಾರ್ಡು ಆಕೆಯ ಮಡಿಲಿನಲ್ಲಿತ್ತು.

ಗಡಿಯಾರದ ಪಕ್ಕದ ಗೋಡೆಯ ಮೇಲೆ ಗಾಜು ಹಾಕಿದ ಒಂದು ನೋಟೀಸಿದೆ. ದಿನಕ್ಕೆ ಎಂಟು ಗಂಟೆ ಕೆಲಸ, ಮೀರಿದರೆ ಇಮ್ಮಡಿ ಕೂಲಿ. ಇಪ್ಪತ್ತೆರಡು ಕಾರ್ಡು ಒತ್ತಿ ಮುಗಿಸುವಷ್ಟರಲ್ಲಿ ಅದನ್ನು ಎರಡು ಸಲ ಓದಬಹುದು. “ಕಾನೂನು ಬಾಯಿಪಾಠ ಆಗಿದ್ದು ನನಗೊಬ್ಬಳಿಗೇ,” ಎನ್ನುತ್ತಾಳೆ. “ಓದ್ತಾ ಓದ್ತಾನೇ ಒತ್ತಿದ್ದೀನಿ.”

ಹೋದ ವರ್ಷ ಒಂದು ಸಂಜೆ, ಐದು ದಾಟಿದ ಹೊತ್ತು. ರೋಲರಿಗೆ ಸಿಕ್ಕಿಕೊಂಡ ಶೀಟನ್ನು ಬಿಡಿಸಲು ಜೋಡಿ ಕೈ ಚಾಚಿದಳು. ಬಲಗೈಯ ನಾಲ್ಕು ಬೆರಳು ಹೋದವು. ಪರಿಹಾರ ಕೇಳಿದಾಗ ಆಡಳಿತದವರು ಅವಳ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಎರಡು ಗಂಟೆಗೆ ಹೊರಗೆ ಹೋದವಳಿಗೆ ಐದು ಗಂಟೆಗೆ ಒಳಗೇನು ಕೆಲಸ?

ಕಾರ್ಮಿಕ ಅಧಿಕಾರಿಯ ಮುಂದೆ ಅಕ್ಕ ಒಬ್ಬಳೇ ನಿಂತಳು.

“ಈ ಕಾರ್ಡ್ ಒತ್ತಿದ್ದು ಯಾರಮ್ಮ?”

“ನಾನೇ ಸರ್.”

“ಬೇರೆಯವರದ್ದೂ ಒತ್ತು ಅಂತ ಯಾರಾದ್ರೂ ಹೇಳಿದ್ರಾ?”

“ಇಲ್ಲ ಸರ್. ಒತ್ತಿ ಬಂದು ಕೆಲಸ ಮಾಡಿ ಅಂತ ಎಲ್ಲರಿಗೂ ಹೇಳಿದ್ರು. ಎಲ್ಲರದ್ದೂ ನಾನೇ ಕೇಳಿ ತಗೊಂಡೆ.”

ಅಧಿಕಾರಿ ಬರೆದುಕೊಂಡರು. ಉಳಿದ ಹೆಂಗಸರನ್ನು ಕರೆಸಿದಾಗ ಎಲ್ಲರದ್ದೂ ಒಂದೇ ಮಾತು. ‘ನಮ್ಮ ಕಾರ್ಡು ನಾವು ಒತ್ತಿಲ್ಲ, ಎಷ್ಟು ಹೊತ್ತಿಗೆ ಒತ್ತಿದ್ದಾರೋ ನಮಗೆ ಗೊತ್ತಿಲ್ಲ.’ ಹಾಗೆಂದವರ ಮೇಲೆ ಅಕ್ಕನಿಗೆ ಕೋಪವಿಲ್ಲ. “ಅವರ ಮನೇಲೂ ಒಲೆ ಉರೀಬೇಕಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ತಪ್ಪಿಸಿಕೊಳ್ಳೋಕೆ ದಾರಿ ಮಾಡಿಕೊಟ್ಟಿದ್ದು ನಾನೇ. ಅವರವರ ಕಾರ್ಡು ಅವರವರೇ ಒತ್ತಿದ್ರೆ ಒಬ್ಬಳಾದ್ರೂ ಬಾಯಿ ಬಿಡ್ತಿದ್ಲೇನೋ.” ಅರ್ಜಿ ವಜಾ ಆಯಿತು. ಮೇಲ್ಮನವಿಗೂ ದಾಖಲೆಯೆಂದರೆ ಅದೇ ಕಾರ್ಡು.

ಈಗ ಯಾರೂ ಆಕೆಗೆ ಕಾರ್ಡು ಕೊಡುವುದಿಲ್ಲ. ಎರಡಕ್ಕೆ ಇಪ್ಪತ್ತೊಂದು ಹೆಂಗಸರು ಮೆಟ್ಟಿಲು ಹತ್ತುತ್ತಾರೆ, ಹೊರಗೆ ಹೋದೆವೆಂದು ಒತ್ತಿ ಒಳಗೆ ಇಳಿಯುತ್ತಾರೆ. “ಗಡಿಯಾರದಕ್ಕ, ನಮ್ಮ ಕಾಲಿಗೂ ಬಂತಲ್ಲ ನಿನ್ನ ಪುಣ್ಯ” ಎಂದು ಯಾರೋ ಚುಚ್ಚುತ್ತಾರೆ. ಅಕ್ಕ ಹತ್ತುವುದಿಲ್ಲ. ಬೆಳಿಗ್ಗೆ ಒಳಬಂದ ಹೊತ್ತು ಒತ್ತುತ್ತಾಳೆ, ಹೊರಹೋಗುವ ಕಡೆ ಖಾಲಿ ಬಿಡುತ್ತಾಳೆ. ಸಂಜೆ ಆರಕ್ಕೆ ಒತ್ತೋಣವೆಂದರೆ ಗಡಿಯಾರದ ಪೆಟ್ಟಿಗೆಗೆ ಬೀಗ. ಅರೆಬರೆ ಕಾರ್ಡಿಗೆ ಅರ್ಧ ದಿನದ ಕೂಲಿ ಕಡಿತ. ನಾಲ್ಕು ತಿಂಗಳಿಂದ ಹೀಗೇ.

“ಹಟ ಯಾರ ಮೇಲಕ್ಕಾ, ಹೊಟ್ಟೆ ಮೇಲಾ?” ಎಂದು ಸೂಪರ್‌ವೈಸರ್ ಕೇಳುತ್ತಾನೆ. ಅಂಗಡಿಯೊಂದರಲ್ಲಿ ದುಡಿಯುವ ಮಗಳು ಇನ್ನೂ ನೇರ. “ಅಮ್ಮಾ, ನೀನೊಬ್ಬಳು ಖಾಲಿ ಬಿಟ್ಟರೆ ಅವರ ಗಂಟೇನು ಹೋಗುತ್ತೆ? ಹೋಗೋದು ನಮ್ಮ ಬಾಡಿಗೆ.” ಏನೂ ಆಗುವುದಿಲ್ಲವೆಂದು ಅಕ್ಕನಿಗೂ ಗೊತ್ತು.

ಕೆಲಸ ಬಿಟ್ಟ ಮೇಲೆ ಆಕೆ ಮೊದಲು ಹೋಗುವುದು ಎರಡು ಬೀದಿಯಾಚೆಯ ಜೋಡಿಯ ಮನೆಗೆ. ಹಗ್ಗದ ಮೇಲಿನ ಬಟ್ಟೆ ಇಳಿಸುತ್ತಾಳೆ. ಹೊದಿಕೆ ಮಡಿಸುವಾಗ ಜೋಡಿ ಎದುರು ನಿಲ್ಲುತ್ತಾಳೆ. ಒಂದು ಮೂಲೆ ಎಡಗೈಯಲ್ಲಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ. ಹಾಗಾಗಿ ಮಾತಿಲ್ಲ. ಮಡಿಸಿ ಮುಗಿದ ಮೇಲೆ ಒಂದೇ ಪ್ರಶ್ನೆ: “ನನ್ನ ಕಾರ್ಡು ಇನ್ನೂ ಅಲ್ಲೇ ಇದೆಯಾ?”

ಇದೆ. ಆಡಳಿತದ ಕಡತದಲ್ಲಿ, ಆ ದಿನದ ಎರಡು ಗಂಟೆಯ ಗುರುತಿನೊಂದಿಗೆ.

ಏನಾದರೂ ಆಸೆಯಿದೆಯೇ ಎಂದರೆ ಅಕ್ಕ ಕೂಲಿಯ ಮಾತೆತ್ತುವುದಿಲ್ಲ. “ಆ ಎರಡು ಗಂಟೇನ ಯಾರಾದ್ರೂ ಅಳಿಸಿದ್ರೆ ಸಾಕು,” ಎನ್ನುತ್ತಾಳೆ. “ಅವಳು ಎಲ್ಲೂ ಹೋಗಿರಲಿಲ್ಲ. ನನ್ನ ಎದುರಿಗೇ ಇದ್ಲು.”