ಕೊನೆಯ ದ್ವೀಪದ ರಾಣಿ

ತಂಗಿಯನ್ನು ಆ ಪ್ರಶ್ನೆ ಮೊದಲು ಕೇಳಿದ್ದು ಚಿಕ್ಕಪ್ಪನೋ ಅಮ್ಮನೋ, ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಚಿಕ್ಕಪ್ಪನ ದನಿಯಲ್ಲಿದೆ. ಅಮ್ಮ, ತಾನೇ ಕೇಳಿದ್ದು ಅನ್ನುತ್ತಾಳೆ. ಬೇರೆ ವಿವರಗಳಲ್ಲೂ ನಾನು ತಪ್ಪಿರಬಹುದು.

ಹುತ್ತೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದ ದಿನ ಎಲ್ಲರೂ ಕೂತು, ಅವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ ಬಿಡುತ್ತಿದ್ದೆವು. ಚಿಕ್ಕಪ್ಪ ಮಾತ್ರ ಬೆನ್ನುನೋವೆಂದು ಗೋಡೆಗೊರಗಿ, ಫೋನಿನ ಆ್ಯಪೊಂದರಲ್ಲಿ ಬರುವ ಮಾಯಾಲೋಕದ ಧಾರಾವಾಹಿಯೊಂದನ್ನು ಓದಿ ಹೇಳುತ್ತಿದ್ದರು. ಅದರ ನಾಯಕ ಮಂತ್ರದ ಕತ್ತಿ ಹುಡುಕುತ್ತಾ ಏಳು ದ್ವೀಪ ಸುತ್ತುವವನು. ಪ್ರತಿ ದ್ವೀಪದಲ್ಲೂ ಒಬ್ಬಳ ಜೊತೆ ಒಂದು ರಾತ್ರಿ. ಅಲ್ಲಿಗೆ ಬಂದಾಗ ಚಿಕ್ಕಪ್ಪ ಕೆಮ್ಮಿ, "ಮುಂದಿಂದು ಗೊತ್ತಲ್ಲ" ಎಂದು ಹಾರಿಸುತ್ತಿದ್ದರು.

"ಏನಪ್ಪಾ, ಅವನಿಗೆ ಕತ್ತಿ ಬೇಕೋ, ಇದೇ ಕೆಲಸಾನೋ?" ಅಮ್ಮ ನಗುತ್ತಿದ್ದಳು.

ಕೊನೆಯ ದ್ವೀಪದ ರಾಣಿ ಮಾತ್ರ ಮಾಟಗಾತಿ. ತಾನಾಗಿ ಅವನನ್ನು ಕರೆದಳು, ಅದಕ್ಕೇ ಮಾಟಗಾತಿ. ಕತ್ತಿ ಸಿಕ್ಕಿದ್ದೇ ಅವಳ ತಲೆ ಕಡಿದ.

ತಂಗಿ ಆಗ ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದಳು. ಆ ರಾಣಿಯನ್ನು ಬದುಕಿಸಿ, ಅದೇ ಆ್ಯಪ್‌ನಲ್ಲಿ ತನ್ನ ಹೆಸರಿನಲ್ಲೇ ಒಂದು ಕಥೆ ಬರೆಯತೊಡಗಿದಳು. ಅವಳ ರಾಣಿ ಹಡಗು ಬಂದಾಗೆಲ್ಲ ದಡಕ್ಕೆ ಹೋಗುತ್ತಾಳೆ, ಇಷ್ಟವಾದವನನ್ನು ಕರೆಯುತ್ತಾಳೆ, ಬೆಳಗ್ಗೆ ಬುತ್ತಿ ಕಟ್ಟಿ ಕಳಿಸುತ್ತಾಳೆ. ಆ ಬುತ್ತಿಗೆ ನಾನು ಬಹಳ ನಕ್ಕಿದ್ದೆ.

ಮಾಲೂರಿನ ನೆಂಟರೊಬ್ಬರು ಓದಿ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಸಂಜೆ ತಂಗಿ ಕಾಲೇಜಿನಿಂದ ಬಂದದ್ದೇ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ ಕೇಳಿದ್ದು ಆ ಒಂದೇ ಪ್ರಶ್ನೆ.

"ಇದೆಲ್ಲ ನಿಂಗೆ ಹೆಂಗೆ ಗೊತ್ತಮ್ಮಾ?"

"ಕಥೆ ಅಲ್ವಾ ಅದು. ಮಾಟ ಮಂತ್ರಾನೂ ಬರ್ದಿದ್ದೀನಿ, ಅದು ಹೆಂಗೆ ಗೊತ್ತು ಅಂತ ಯಾರೂ ಕೇಳಲ್ಲ."

ಯಾರೂ ನಗಲಿಲ್ಲ. ಅವಳು ಕಥೆಯನ್ನೇ ಅಳಿಸಿಬಿಡುತ್ತೇನೆಂದು ಫೋನ್ ತೆಗೆದಳು. ಅಮ್ಮ ತಡೆದಳು.

"ಅಳಿಸಿದ್ರೆ ನಿಜ ಅನ್ಕೊಂತಾರೆ ಕಣೇ. ಆ ರಾಣಿಗೊಂದು ಗತಿ ಕಾಣಿಸಿ ಮುಗಿಸ್ಬಿಡು."

ರಾಣಿ ಪಶ್ಚಾತ್ತಾಪಪಟ್ಟು ಬೆಂಕಿಗೆ ಹಾರಿದಳು. ಅಮ್ಮ ಪಕ್ಕದಲ್ಲಿ ಕೂತು ಆ ಕಂತನ್ನು ಓದಿಸಿಕೊಂಡಳು. ಒಳ್ಳೆಯ ಮುಕ್ತಾಯ ಎಂದು ಓದುಗರು ಕೈಮುಗಿಯುವ ಚಿತ್ರಗಳನ್ನು ಹಾಕಿದರು. ತಂಗಿ ಅಂದು ಅತ್ತಂತೆ ನೆನಪು. ಅದು ಆಮೇಲೆ ನಾನೇ ಕಟ್ಟಿಕೊಂಡದ್ದೂ ಇರಬಹುದು. ಅಲ್ಲಿಂದೀಚೆಗೆ ಅವಳು ಒಂದು ಸಾಲೂ ಬರೆದಿಲ್ಲ, ಇದರಲ್ಲಿ ನನಗೆ ಸಂಶಯವಿಲ್ಲ. ಚಿಕ್ಕಪ್ಪನ ಧಾರಾವಾಹಿ ಇನ್ನೂ ನಡೆಯುತ್ತಿದೆ. ನಾಯಕ ಈಗ ಪಾತಾಳದಲ್ಲಿ ನಾಗಕನ್ಯೆಯರ ನಡುವೆ ಇದ್ದಾನೆ.

ಹೋದ ತಿಂಗಳು ಮುಳಬಾಗಿಲಿಗೆ, ಅವಳ ಗಂಡನ ಮನೆಗೆ ಹೋಗಿದ್ದೆ. ಇಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕೇಳಿಬಿಟ್ಟೆ. ಅವಳು ನಾರು ತೆಗೆದಿಟ್ಟಿದ್ದ ಕಾಯಿಯನ್ನೇ ಮತ್ತೆ ಎತ್ತಿಕೊಂಡು ನಾರು ಹುಡುಕಿದಳು. ಇವತ್ತಿಗೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಮ್ಮ ಹಂಗೆ ಹೇಳ್ದೇ ಇದ್ದಿದ್ರೆ, ನಿನ್ನ ರಾಣಿ ಕೊನೆಗೆ ಏನಾಗ್ತಿದ್ಲೇ?"